ಮಾಳಿಗೆ ಹತ್ತಿದವರ ಕೀಲಿಕೈ

ನಮ್ಮ ನೂಲಬಾವಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಸೂರ್ಯನಿಗೆ ರಜೆ. ಆಕಾಶದಲ್ಲಿ ಇರುವುದೇನೋ ಇರುತ್ತಾನೆ, ನೆತ್ತಿ ಸುಡುತ್ತಾನೆ, ಡಾಂಬರು ಚಪ್ಪಲಿಗೆ ಅಂಟುವಷ್ಟು ಮೆತ್ತಗೆ ಮಾಡುತ್ತಾನೆ. ಆದರೆ ಮಾಳಿಗೆಗಳ ಮೇಲಿನ ಸೌರಫಲಕಗಳಿಗೆ ಮಾತ್ರ ಅವನು ಕಾಣಕೂಡದು ಎಂದು ಸುರಕ್ಷಾ ಮಂಡಳಿಯ ಆಜ್ಞೆ. ಹನ್ನೆರಡು ಹೊಡೆದ ಕೂಡಲೇ ಓಣಿ ಓಣಿಯ ವಿದ್ಯುತ್ ಮಗ್ಗಗಳು ಒಮ್ಮೆಗೇ ನಿಲ್ಲುತ್ತವೆ. ಬೆಳಗಿನಿಂದ ಖಟಖಟ ಎನ್ನುತ್ತಿದ್ದ ಊರು ಕಿವಿ ಗುಂಯ್ ಅನ್ನುವಷ್ಟು ಸುಮ್ಮನಾಗುತ್ತದೆ.

ಇದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ನಾನು ಶಮಶಾದ ನದಾಫ, ಅದೇ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಇಂಜಿನಿಯರ್ ಆಗಿದ್ದವಳು. ಹಾಗಾಗಿ ಹೇಳುವ ಹಕ್ಕು ನನಗಿದೆ.

ಬೀದಿಯ ತಂತಿಯನ್ನು ಕಂಬದ ಬಳಿ ಬಿಡಿಸಿದರೆ ಅದು ಸಾಯುತ್ತದೆ. ಫಲಕ ಹಾಗಲ್ಲ. ಬಿಸಿಲು ಇರುವವರೆಗೆ ಅದು ತನ್ನ ಪಾಡಿಗೆ ಕರೆಂಟು ಹುಟ್ಟಿಸುತ್ತಲೇ ಇರುತ್ತದೆ, ಮನೆಗೆ ಬೆಂಕಿ ಬಿದ್ದರೂ ಸರಿ, ಯಾರಾದರೂ ತಂತಿ ಹಿಡಿದಿದ್ದರೂ ಸರಿ. ಅದಕ್ಕೇ ಪ್ರತಿ ಫಲಕದ ಬೆನ್ನಿಗೆ ಉಗುರಿನಷ್ಟು ದೊಡ್ಡದೊಂದು ಯಂತ್ರ ಕೂರಿಸಿದರು. ಜನ ಅದನ್ನು ಕಿವಿ ಎನ್ನುತ್ತಾರೆ. ತಂತಿಯಲ್ಲಿ ಸದಾ ಒಂದು ಸಣ್ಣ ಮಿಡಿತ ಹರಿಯುತ್ತಿರುತ್ತದೆ, ಅದು ಸುರಕ್ಷಾ ಸ್ವರ. ಸ್ವರ ಕೇಳಿಸುವವರೆಗೆ ಫಲಕ ಕರೆಂಟು ಕೊಡುತ್ತದೆ. ನಿಂತರೆ ನಾಲ್ಕು ಉಸಿರಿನೊಳಗೆ ಮಲಗಿಬಿಡುತ್ತದೆ. ಹಾಡಿದರೆ ಎಚ್ಚರವಿದ್ದು, ಹಾಡು ನಿಲ್ಲಿಸಿದರೆ ಮಲಗುವ ಕೂಸು ಅದು.

ಒಳ್ಳೆಯ ನಿಯಮ. ನಾನು ಈಗಲೂ ಅದರ ಪರವಾಗಿಯೇ ಇದ್ದೇನೆ. ನನ್ನ ಅಪ್ಪ ಲಾಡಸಾಬ ನದಾಫ ಲೈನ್‌ಮನ್ ಆಗಿದ್ದ. ಕರೆಂಟು ತೆಗೆದಿದೆ ಎಂದು ಒಂದು ದಿನ ಕಂಬ ಹತ್ತಿದ. ಬೀದಿ ಸತ್ತಿತ್ತು, ಆದರೆ ಯಾರದೋ ಮಾಳಿಗೆ ಜೀವಂತವಾಗಿತ್ತು. ಅಲ್ಲಿಂದ ಹಿಂದಕ್ಕೆ ಹರಿದು ಬಂದ ಕರೆಂಟು ಅವನ ಬಲಗೈಯನ್ನು ಭುಜದವರೆಗೆ ತಿಂದಿತು. ಅಂದಿನಿಂದ ಅಪ್ಪ ಒಂದು ಸ್ವಿಚ್ಚನ್ನೂ ಬೆರಳಿನಿಂದ ಮುಟ್ಟಿಲ್ಲ. ನಾವು ಬಾಡಿಗೆಗಿರುವ ಮನೆಯ ಒಡತಿ ನಿಂಬೆವ್ವ ಕೊಟ್ಟ, ಮಗ್ಗದ ಹಳೆಯ ಕಟ್ಟಿಗೆಯ ಲಾಳಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾನೆ. ಫ್ಯಾನು ಹಾಕಬೇಕಾದರೂ ಅದರಿಂದಲೇ ತಿವಿಯುತ್ತಾನೆ.

ಮೊದಲು ಈ ಸ್ವರ ಆಯಾ ಮನೆಯಿಂದಲೇ ಹುಟ್ಟುತ್ತಿತ್ತು. ಬಾಗಿಲ ಪಕ್ಕ ಒಂದು ಕೆಂಪು ಹಿಡಿಕೆ ಇರುತ್ತಿತ್ತು. ಕೆಳಗೆ ಎಳೆದರೆ ಆ ಮನೆಯ ಮಾಳಿಗೆ ಮಲಗುತ್ತಿತ್ತು. ಆಮೇಲೆ ಮಂಡಳಿಯವರು ಎಲ್ಲ ಮನೆಗೂ ಒಂದೇ ಕಡೆಯಿಂದ ಸ್ವರ ಕಳಿಸಿದರೆ ಶಿಸ್ತು ಎಂದರು. ಮೂವತ್ತು ಕಿಲೋಮೀಟರು ದೂರದ ನಿಯಂತ್ರಣ ಕೊಠಡಿಯಿಂದ ಇಡೀ ಊರಿಗೆ ಸ್ವರ ಬಂತು, ಹಿಡಿಕೆಗಳನ್ನು ಬಿಚ್ಚಿಕೊಂಡು ಹೋದರು. ಬಾಗಿಲಿಗೊಂದು ಹಿಡಿಕೆ ಇರಬೇಕು ಎಂಬ ನಿಯಮವನ್ನು ಯಾರೂ ತೆಗೆಯಲಿಲ್ಲ, ಹಿಡಿಕೆಯನ್ನಷ್ಟೇ ತೆಗೆದರು. ಅದಾದ ಮೇಲೆ ಶುರುವಾಗಿದ್ದು ಮಧ್ಯಾಹ್ನದ 'ಸುರಕ್ಷಾ ವಿರಾಮ'. ಬಯಲಿನ ದೊಡ್ಡ ಸೌರಕ್ಷೇತ್ರಗಳ ಕರೆಂಟಿಗೆ ತಂತಿಯಲ್ಲಿ ಜಾಗ ಬಿಡಲು ಊರಿನ ಮಾಳಿಗೆಗಳನ್ನು ಮಲಗಿಸುತ್ತಿದ್ದರು. ಕೊಠಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಪ್ಪು ಎಂದು ಪ್ರತಿ ಸಭೆಯಲ್ಲೂ ಹೇಳಿ ಹಟಮಾರಿ ಎನ್ನಿಸಿಕೊಂಡವಳು ನಾನೊಬ್ಬಳೇ.

ಬೀದಿಯ ಕರೆಂಟು ಇರುತ್ತದಲ್ಲ ಎಂದರೆ, ಇರುತ್ತದೆ, ಆದರೆ ಬಡಪಾಯಿ. ಎರಡು ಫ್ಯಾನು ತಿರುಗಿಸೀತು, ಮಗ್ಗ ಎಳೆಯಲಾರದು. ನಿಂಬೆವ್ವನ ಆರು ಮಗ್ಗಗಳಲ್ಲಿ ಎರಡು ಆಗಲೇ ಗುಜರಿಗೆ ಹೋಗಿದ್ದವು. ಉಳಿದ ನಾಲ್ಕೂ ಹೋದರೆ ನಮ್ಮ ಓಣಿಯಲ್ಲಿ ನೇಯುವ ಸದ್ದೇ ಇಲ್ಲ.

"ಏನ ಶಮಶಾದವ್ವ, ಸೂರ್ಯಾನೂ ನಿಮ್ಮ ಆಫೀಸಿನ್ಯಾಗ ಪಗಾರಕ್ಕ ಅದಾನೇನ? ಊಟದ ಹೊತ್ತಿಗೆ ಬರೋಬ್ಬರಿ ರಜಾ ಹಾಕಿ ಹೋಗತಾನಲ್ಲ" ಎಂದು ಒಂದು ರವಿವಾರ ನಿಂಬೆವ್ವ ನಿಂತ ಮಗ್ಗದ ಮುಂದೆ ಕೂತು ಕೇಳಿದಳು. ಆಮೇಲೆ ದನಿ ತಗ್ಗಿಸಿದಳು. "ಸಂತ್ಯಾಗ ಒಬ್ಬಾಂವ ಬಂದಾನಂತ. ಫಲಕದ ಬೆನ್ನಾಗಿನ ಕಿವಿ ಕಿತ್ತ ಕೊಡತಾನಂತ. ಆಮ್ಯಾಲೆ ಮಂಡಳಿ ಸ್ವರಾ ಕೊಟ್ರೂ ಅಷ್ಟ, ಬಿಟ್ರೂ ಅಷ್ಟ. ಓಣ್ಯಾಗ ಎಲ್ಲಾರೂ ಮಾಡಸೂಣು ಅನ್ನಾಕತ್ತಾರ."

"ಒಂದು ಕಿವಿ ಕಿತ್ತರೂ ನಾ ಈ ಮನ್ಯಾಗ ಇರಂಗಿಲ್ಲ, ನಿಂಬೆಕ್ಕಾ."

"ಹಂಗಂದ್ರ ಹೆಂಗ?"

ಮೂಲೆಯಲ್ಲಿ ಕೂತಿದ್ದ ಅಪ್ಪ ಅಂಗಿಯ ಖಾಲಿ ತೋಳನ್ನು ಎಡಗೈಯಿಂದ ಎತ್ತಿ ತೋರಿಸಿದ. "ಕಿವಿ ಇಲ್ಲದ ಮಾಳಗಿ ಏನ ಮಾಡತೈತಿ ಅಂತ ನೋಡಾಕ ದೂರ ಹೋಗೂದ ಬ್ಯಾಡ, ನಿಂಬೆವ್ವ. ಇಲ್ಲೇ ಐತಿ, ನೋಡು."

ನಿಂಬೆವ್ವ ತೋಳಿನ ಕಡೆ ನೋಡಿದಳು. ಆದರೆ ಸೋಲಲಿಲ್ಲ. "ಖರೇ ಐತಿ ಲಾಡಸಾಬಣ್ಣ. ಹಂಗಾದ್ರ ದಿನಾ ಮೂರು ತಾಸ ಮಗ್ಗದ ಮಾರಿ ನೋಡಕೋತ ಕುಂದ್ರೂದೇನ? ಅದನ್ನರೆ ಹೇಳ್ರಿ."

ಅಲ್ಲಿ ಮಂಡಳಿಯವರಿಗೆ ನಾನು ಬೇಡದವಳು, ಇಲ್ಲಿ ಓಣಿಯವರಿಗೆ ಮಂಡಳಿಯವಳು. ಇಬ್ಬರ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ನಿಂಬೆವ್ವನ ಪ್ರಶ್ನೆಗೆ ಉತ್ತರ ಬಂದದ್ದು ಬಣ್ಣಗಾರರ ಓಣಿಯ ಬೆಂಕಿಯಿಂದ.

ನೂಲಿಗೆ ಬಣ್ಣ ಹಿಡಿಯಲಿ ಎಂದು ಬಣ್ಣದ ನೀರಿಗೆ ಮುಷ್ಟಿಗಟ್ಟಲೆ ಉಪ್ಪು ಹಾಕುತ್ತಾರೆ. ಅದ್ದಿ ತೆಗೆದ ನೂಲಿನ ಲಡಿಗಳನ್ನು ಮಾಳಿಗೆಗೆ ಒಯ್ದು ಒಣಹಾಕುವುದು ನಮ್ಮೂರಿನ ರೂಢಿ. ಫಲಕಗಳು ಬಂದ ಮೇಲೆ ಅವುಗಳ ಚೌಕಟ್ಟೇ ಒಣಹಾಕುವ ಗಳವಾಯಿತು. ಬೆಚ್ಚಗಿರುತ್ತದೆ, ಲಡಿ ಬೇಗ ಒಣಗುತ್ತದೆ, ಮಣ್ಣೂ ತಾಗುವುದಿಲ್ಲ. ಲಡಿಯಿಂದ ತೊಟ್ಟಿಕ್ಕಿದ ಉಪ್ಪುನೀರು ತಂತಿಗಳ ಕೂಡುಗಂಟಿನೊಳಗೆ ಇಳಿದು ಅದನ್ನು ತಿಂಗಳುಗಟ್ಟಲೆ ತಿನ್ನುತ್ತಿತ್ತು. ಆ ಬೆಳಿಗ್ಗೆ ಗಂಟು ಬಿಟ್ಟುಕೊಂಡಿತು. ವೆಲ್ಡಿಂಗ್ ಮಾಡುವಾಗ ಹಾರುವಂಥ ಕಿಡಿ ಒಂದೇ ಸಮನೆ ಹಾರಿ ಒಣಗಿದ ಲಡಿಗಳಿಗೆ ಹತ್ತಿತು. ಲಡಿ ಹಾಕುತ್ತಿದ್ದ ರುದ್ರವ್ವ ಎಂಬಾಕೆ ಮಾಳಿಗೆಯ ಮೂಲೆಯಲ್ಲಿ ಸಿಕ್ಕಿಕೊಂಡಳು. ಮೆಟ್ಟಿಲಿಗೂ ಅವಳಿಗೂ ನಡುವೆ ಬೆಂಕಿ.

ನಾನು ಕೊಠಡಿಯಲ್ಲಿದ್ದೆ. ಅಗ್ನಿಶಾಮಕ ಪಡೆಯ ಯಮನೂರಪ್ಪ ಫೋನಿನಲ್ಲಿ ಏದುಸಿರು ಬಿಡುತ್ತಿದ್ದ. "ಮೇಡಂ, ಫಲಕ ಇನ್ನೂ ಜೀವಂತ ಅದಾವ. ನೀರ ಹೊಡದ್ರ ಪೈಪ್ ಹಿಡದ ನಮ್ಮ ಹುಡುಗರಿಗೇ ಹೊಡಿತೈತಿ. ಸ್ವರಾ ನಿಲ್ಲಸ್ರಿ. ಹೆಣ್ಮಗಳು ಮ್ಯಾಲ ಅದಾಳ."

ನಾನು ಮುಖ್ಯ ಇಂಜಿನಿಯರ್ ಪ್ರಭಂಜನ ಸಾಹೇಬರ ಕಡೆ ತಿರುಗಿದೆ. ಅವರು ಪರದೆಯ ಮೇಲೆ ಊರಿನ ಕರೆಂಟು ತೋರಿಸುವ ಗೆರೆಯನ್ನೇ ನೋಡುತ್ತಿದ್ದರು. "ಒಂದು ಮನೆಗಾಗಿ ಇಡೀ ಊರಿನ ಸ್ವರ ನಿಲ್ಲಿಸೋಕೆ ಬರೋದಿಲ್ಲ, ಶಮಶಾದ್. ಇದು ಬೆಳಗಿನ ಬೇಡಿಕೆಯ ಹೊತ್ತು. ಮೇಲಿನವರ ಅಪ್ಪಣೆ ಬೇಕು. ಕೇಳಿದ್ದೇನೆ, ಬರುತ್ತೆ."

"ಸರ್, ದಿನಾ ಮಧ್ಯಾಹ್ನ ಬೆಂಕಿ ಇಲ್ಲದೇನೇ ನಿಲ್ಲಿಸ್ತೀವಲ್ಲ."

"ಅದು ಬೇರೆ ವಿಷಯ."

ಫೋನಿನಲ್ಲಿ ಆ ಹೆಂಗಸಿನ ಕೂಗು ಕೇಳುತ್ತಿತ್ತು. ಬೇರೆ ವಿಷಯ ಯಾವುದು ಎಂದು ಆಗ ನನಗೆ ಸರಿಯಾಗಿ ತಿಳಿಯಿತು. ಗಾಜಿನ ಮುಚ್ಚಳ ಎತ್ತಿ ಗುಂಡಿ ಒತ್ತಿದೆ. ನೂಲಬಾವಿಯ ಎಲ್ಲ ಮಾಳಿಗೆಗಳೂ ಮಲಗಿದವು, ಪರದೆಯ ಗೆರೆ ಬಾವಿಗೆ ಬಿದ್ದಂತೆ ಕೆಳಗಿಳಿಯಿತು. ಪ್ರಭಂಜನ ಸಾಹೇಬರು ನನ್ನ ಕೈ ಹಿಡಿದು ಎಳೆದರು. ನಾನು ಬಿಡಲಿಲ್ಲ. "ನೀರು ಬಿಡ್ರಿ, ಯಮನೂರಪ್ಪ" ಎಂದೆ.

ರುದ್ರವ್ವ ಬದುಕಿದಳು, ಎರಡೂ ಅಂಗೈ ಸುಟ್ಟುಕೊಂಡು. ಮರುದಿನ ನನ್ನನ್ನು ಅಮಾನತು ಮಾಡಿದರು. ಕಾರಣ: ಸುರಕ್ಷಾ ಸ್ವರದ ದುರುಪಯೋಗ. ಓದಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಬೆಂಕಿ ಇಲ್ಲದಾಗ ನಿಲ್ಲಿಸುವುದು ಸದುಪಯೋಗವಂತೆ, ಬೆಂಕಿ ಬಿದ್ದಾಗ ನಿಲ್ಲಿಸಿದ್ದು ದುರುಪಯೋಗವಂತೆ.

"ಛಲೋ ಆತು" ಎಂದ ಅಪ್ಪ. "ಇನ್ನರೆ ಮನ್ಯಾಗ ಕುಂತ ಖರೇ ಕೆಲಸಾ ಮಾಡು."

ಮಾಡಿದೆ. ನಿಂಬೆವ್ವನ ಬಾಗಿಲ ಪಕ್ಕದಲ್ಲಿ ಹಳೆಯ ಹಿಡಿಕೆಯ ನಾಲ್ಕು ತೂತು ಹಾಗೇ ಇದ್ದವು. ಒಂದಕ್ಕೆ ಮೊಳೆ ಹೊಡೆದು ಅವಳು ಕೈಚೀಲ ತೂಗುಹಾಕುತ್ತಿದ್ದಳು. ಚೀಲ ತೆಗೆಸಿ ಅಲ್ಲಿ ಕೆಂಪು ಹಿಡಿಕೆ, ಅದರ ಹಿಂದೆ ಸ್ವರ ಹುಟ್ಟಿಸುವ ಪುಟ್ಟ ಪೆಟ್ಟಿಗೆ ಕೂರಿಸಿದೆ. ಹಗಲು ಮಂಡಳಿ ಸ್ವರ ನಿಲ್ಲಿಸಿದಾಗ ಮನೆಯನ್ನು ಬೀದಿಯ ತಂತಿಯಿಂದ ತಾನಾಗಿ ಬಿಡಿಸುವ ಒಂದು ಕೊಂಡಿಯನ್ನೂ ಹಾಕಿದೆ. ನಮ್ಮ ಮಾಳಿಗೆಯ ಕರೆಂಟು ಬೀದಿಗೆ ಇಳಿದು ಇನ್ನೊಬ್ಬ ಲೈನ್‌ಮನ್ನನ ಕೈ ತಿನ್ನಬಾರದು. ಅರ್ತಿಂಗ್ ಬಗ್ಗೆ ಚಿಂತೆ ಇರಲಿಲ್ಲ. ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸಕ್ಕೆ ಬಾರದು, ಆದರೆ ನಿಂಬೆವ್ವನ ಅತ್ತೆ ಎಂದೋ ಅದರ ಮಗ್ಗುಲಿಗೇ ತುಳಸಿ ಕಟ್ಟೆ ಕಟ್ಟಿಸಿದ್ದಳು. ದಿನಾ ಬೆಳಿಗ್ಗೆ ಎರಡಕ್ಕೂ ನೀರು ಬೀಳುತ್ತಿತ್ತು.

ಮೊದಲ ಸಲ ಕೆಟ್ಟುಹೋಯಿತು. ನಿಂಬೆವ್ವನ ಸ್ವರ ಗೋಡೆ ದಾಟಿ ಪಕ್ಕದ ಮನೆಯ ಫಲಕಗಳನ್ನೂ ಎಬ್ಬಿಸಿತು. ಆ ಮನೆಯವರು ತಮ್ಮ ಮಾಳಿಗೆ ಮಲಗಿದೆ ಎಂದುಕೊಂಡು ಮೇಲೆ ಹತ್ತಿದ್ದರೆ? ಟೆಸ್ಟರ್ ಉರಿದ ಕೂಡಲೇ ನಿಂಬೆವ್ವನ ಹಿಡಿಕೆ ಕೆಳಗೆಳೆದೆ. ಎಲ್ಲ ಬಿಚ್ಚಿದೆ. ಪ್ರತಿ ಮನೆಯ ಮೀಟರಿನ ಬಳಿ ತಾಮ್ರದ ಸುರುಳಿಯೊಂದು ಬೇಕಿತ್ತು, ಒಳಗಿನ ಸ್ವರ ಹೊರಗೆ ಹೋಗದಂತೆ, ಹೊರಗಿನದು ಒಳಗೆ ಬಾರದಂತೆ. ಎಳೆ ಎಳೆ ಒತ್ತಾಗಿ, ಒಂದರ ಮೇಲೊಂದು ಹತ್ತದಂತೆ ಸುತ್ತಬೇಕು. ನನ್ನ ಕೈಯಲ್ಲಿ ಅದು ಹಕ್ಕಿಗೂಡಾಯಿತು. ನಿಂಬೆವ್ವ ನೋಡುವಷ್ಟು ನೋಡಿ, ತಂತಿಯನ್ನು ಕಸಿದುಕೊಂಡು ನೂಲಿನ ಕಂಡಿಕೆ ಸುತ್ತುವ ರಾಟೆಗೆ ಹಾಕಿದಳು. "ನೂಲಾದ್ರೇನು ತಾಮ್ರಾದ್ರೇನು, ಎಳದ ಹಿಡದ ಸುತ್ತೂದ ಬರಬೇಕು" ಎಂದಳು. ಓಣಿಯ ಅಷ್ಟೂ ಮನೆಯ ಸುರುಳಿಗಳು ಆ ರಾಟೆಯಿಂದಲೇ ಬಂದವು.

ಅಪ್ಪನ ಷರತ್ತು ಬೇರೆಯೇ ಇತ್ತು. "ಹಿಡಿಕಿ ಒಂದ ಸಾಲಂಗಿಲ್ಲ. ನಾ ಕಂಬದ ಮ್ಯಾಲ ಇದ್ದಾಗ ಕೆಳಗ ಏನಾತು ಅಂತ ನನಗ ಗೊತ್ತಾಗಲಿಲ್ಲ. ಹಿಡಿಕಿ ಇಳಿಸಿದ ಮ್ಯಾಲ ಅದಕ್ಕ ಕೀಲಿ ಹಾಕ್ರಿ. ಕೀಲಿಕೈ ಮ್ಯಾಲ ಹೋಗಾವರ ಕೈಯಾಗ ಇರಬೇಕು. ಅವರು ಇಳದ ಬರೂತನಕ ದೇವರು ಬಂದ್ರೂ ತಗೀಬಾರದು."

ನನ್ನ ಷರತ್ತು ಒಂದೇ: ಚೌಕಟ್ಟಿನ ಮೇಲೆ ಒಂದು ಲಡಿಯೂ ಬೀಳಬಾರದು. ಹೆಂಗಸರು ಗೊಣಗಿದರು, ಬಿದಿರಿನ ಗಳ ತಂದು ಬೇರೆ ಮಗ್ಗುಲಿಗೆ ಕಟ್ಟಿದರು. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಾಳಿಗೆ ಹತ್ತುವುದು ರೂಢಿಯಾಯಿತು. ಸಂತೆಯ ಕಿವಿ ಕೀಳುವವನು ನಮ್ಮ ಓಣಿಗೆ ಬಂದಾಗ ನಿಂಬೆವ್ವನೇ ಅವನನ್ನು ಬೈದು ಓಡಿಸಿದಳು.

ಆಮೇಲಿನ ಸೋಮವಾರ ಹನ್ನೆರಡು ಹೊಡೆಯಿತು. ಊರು ಸುಮ್ಮನಾಯಿತು. ನಮ್ಮ ಓಣಿಯಲ್ಲಿ ಗೋಡೆಯ ಕೊಂಡಿಗಳು ಟಕ್ಕೆಂದು ಬಿದ್ದವು, ಮಗ್ಗಗಳು ಒಂದು ಗಳಿಗೆ ತಡವರಿಸಿದವು, ಮತ್ತೆ ಖಟಖಟ ಶುರುವಾಯಿತು. ಪಕ್ಕದ ಓಣಿಗಳ ಜನ ಓಡಿಬಂದು ಬಾಗಿಲಲ್ಲಿ ನಿಂತು ನೋಡಿದರು. ನಿಂಬೆವ್ವ ಕಣ್ಣೊರೆಸಿಕೊಂಡಳು. ಕಣ್ಣಿಗೆ ಅರಳೆ ಬಿತ್ತು ಎಂದು ಸುಳ್ಳು ಹೇಳಿದಳು.

ಸದ್ದು ಮಂಡಳಿಗೂ ಕೇಳಿಸಿತು. ಗುರುವಾರ ಮಧ್ಯಾಹ್ನ ಜೀಪು ಬಂತು. ಪ್ರಭಂಜನ ಸಾಹೇಬರು, ಜೊತೆಗೆ ಫಲಕಗಳಿಗೆ ಸೀಲು ಹಾಕಲು ಇಬ್ಬರು ಲೈನ್‌ಮನ್ನರು. ಓಣಿಯವರು ಮಗ್ಗ ನಿಲ್ಲಿಸಿ ಹೊರಗೆ ಬಂದರು.

"ಇದೇನಿದು ಶಮಶಾದ್? ಸುರಕ್ಷೆಯ ಹಿಡಿಕೆ ತಂದು ನೇಯುವ ಹೆಂಗಸರ ಕೈಗೆ ಕೊಟ್ಟಿದ್ದೀರಿ. ಇವರು ಮರೆತರೆ, ತಪ್ಪು ಮಾಡಿದರೆ, ಯಾರು ಹೊಣೆ?"

"ಮಾಳಿಗೆ ಇವರದು, ಸರ್. ಬೆಂಕಿ ಬಿದ್ದರೆ ಸುಡೋದೂ ಇವರೇ. ಮತ್ಯಾರ ಕೈಗೆ ಕೊಡಲಿ?"

"ಪರೀಕ್ಷೆ ಆಗದ ಸಾಧನ ಇದು. ಇದನ್ನು ನಂಬಿ ತಂತಿ ಹಿಡಿಯುವವರು ಯಾರು?"

ನಾನು ಹಿಡಿಯುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಎದ್ದ. ಸೊಂಟದ ಲಾಳಿಯನ್ನು ತೆಗೆದು ನನ್ನ ಕೈಗಿಟ್ಟ. "ನಿಂಬೆವ್ವ, ಹಿಡಿಕಿ ಎಳಿ" ಎಂದ.

"ಲಾಡಸಾಬಣ್ಣ, ನೀ ಬ್ಯಾಡ."

"ಎಳಿಯವ್ವ. ಇದ್ದದ್ದು ಒಂದ ಕೈ ಅಂತ ಎಷ್ಟು ದಿನ ಕಿಸೆದಾಗ ಇಟಗೊಂಡ ಅಡ್ಡಾಡ್ಲಿ?"

ನಿಂಬೆವ್ವ ಹಿಡಿಕೆ ಎಳೆದು, ಬೀಗ ಹಾಕಿ, ಕೀಲಿಕೈ ಕೊಟ್ಟಳು. ಅಪ್ಪ ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಮೆಟ್ಟಿಲು ಹತ್ತಿದ. ನಾನು ಹಿಂದೆಯೇ ಹೋಗಿ ಟೆಸ್ಟರ್ ಹಿಡಿದು ನೋಡಿದೆ. ಉರಿಬಿಸಿಲಿನಲ್ಲಿ ಫಲಕಗಳು ಮಲಗಿದ್ದವು. ಅಪ್ಪನ ಎಡಗೈ ಮುಂದೆ ಹೋಯಿತು, ನಿಂತಿತು, ಮತ್ತೆ ಹೋಯಿತು. ನಾನು ಬಿಚ್ಚಿಕೊಟ್ಟ ಎರಡೂ ತಂತಿಯ ತುದಿಗಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದುಕೊಂಡ. ಹಾಗೇ ನಿಂತ. ಕೀಲಿಕೈ ಕಚ್ಚಿಕೊಂಡಿದ್ದ ಹಾಗೇ ಕಣ್ಣಲ್ಲಿ ನೀರು ಇಳಿಯಿತು.

ನಾನು ಮಾಳಿಗೆಯ ಅಂಚಿಗೆ ಬಂದು ಕೆಳಗೆ ನೋಡಿದೆ. "ಸರ್, ಪಕ್ಕದ ಓಣಿಯ ಮಾಳಿಗೆಗಳು ನಿಮ್ಮ ಸ್ವರದ ಮೇಲಿವೆ. ಈಗ ವಿರಾಮದ ಹೊತ್ತು, ಅವೂ ಮಲಗಿವೆ. ನೀವೂ ಒಂದು ತಂತಿ ಹಿಡಿದು ತೋರಿಸಿ."

ಅವರು ಗಡಿಯಾರ ನೋಡಿಕೊಂಡರು. ಮೂರು ಗಂಟೆ, ಅಂದರೆ ಮಂಡಳಿಯ ಸ್ವರ ಮರಳಿ ಮಾಳಿಗೆಗಳು ಏಳುವ ಹೊತ್ತು, ಹತ್ತಿರ ಬಂದಿತ್ತು. ಅವರು ಫೋನು ತೆಗೆದು ನಿಯಂತ್ರಣ ಕೊಠಡಿಗೆ ಹಚ್ಚಿ, "ಇಲ್ಲಿ ಒಂದು ಮನೆಯ ಮಾಳಿಗೆ ಹತ್ತಬೇಕಿದೆ, ನಾನು ಹೇಳುವವರೆಗೆ ನೂಲಬಾವಿಗೆ ಸ್ವರ ಬಿಡಬೇಡಿ" ಎಂದರು. ಓಣಿ ಎಷ್ಟು ಸುಮ್ಮನಿತ್ತೆಂದರೆ ಆ ಕಡೆಯ ಮಾತು ಎಲ್ಲರಿಗೂ ಕೇಳಿಸಿತು. "ಸರ್, ಒಂದು ಮನೆಗಾಗಿ ಇಡೀ ಊರಿನ ಸ್ವರ ತಡೆಯೋಕೆ ಬರೋದಿಲ್ಲ. ಮೇಲಿನವರ ಅಪ್ಪಣೆ ಬೇಕು ಅಂತ ನಿಮ್ಮದೇ ಆದೇಶ ಇದೆಯಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಸಾಹೇಬರ ಮುಖ ಕೆಂಪಾಯಿತು. ಫೋನು ಜೇಬಿಗೆ ಹಾಕಿ ಲೈನ್‌ಮನ್ನರಿಗೆ "ಏನು ನೋಡ್ತೀರಿ? ಹತ್ತಿ, ಸೀಲು ಹಾಕಿ" ಎಂದರು.

ತಂತಿ ಮತ್ತೆ ಜೋಡಿಸಿ ನಾನೂ ಅಪ್ಪನೂ ಆಗಲೇ ಇಳಿದು ಬಂದಿದ್ದೆವು. ಇಬ್ಬರಲ್ಲಿ ವಯಸ್ಸಾದವನು ಮೆಟ್ಟಿಲವರೆಗೆ ಹೋಗಿ ನಿಂತ. ಬಾಗಿಲ ಹಿಡಿಕೆ ನೋಡಿದ, ಅದರ ಬೀಗ ನೋಡಿದ, ಅಪ್ಪನ ಖಾಲಿ ತೋಳು ನೋಡಿದ. ಆಮೇಲೆ ಕೈ ಚಾಚಿದ. "ಕೀಲಿಕೈ ಕೊಡ್ರಿ."

ಓಣಿಯವರು ಗುಜುಗುಜು ಎಂದರು. ಕೊಟ್ಟರೆ ಅವನು ಹತ್ತುತ್ತಾನೆ, ಹತ್ತಿದರೆ ಸೀಲು ಬೀಳುತ್ತದೆ, ಮಗ್ಗ ಹೋಗುತ್ತದೆ. ಅಪ್ಪ ನಿಂಬೆವ್ವನ ಮುಖ ನೋಡಿದ. ಅವಳು ಒಳಗಿನ ಮಗ್ಗಗಳ ಕಡೆ ಒಮ್ಮೆ ತಿರುಗಿ ನೋಡಿದಳು. "ಕೊಡು, ಲಾಡಸಾಬಣ್ಣ. ಸೀಲ ಹಾಕಾಕ ಬಂದಾಂವನೂ ಮನಿಶ್ಯಾನ. ಮ್ಯಾಲ ಹೋಗಾವರ ಕೈಯಾಗ ಕೀಲಿಕೈ ಇರಬೇಕು."

ಅಪ್ಪ ಕೀಲಿಕೈಯನ್ನು ಅಂಗಿಗೆ ಒರೆಸಿ ಕೊಟ್ಟ. ಲೈನ್‌ಮನ್ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ನಿಂತ. "ಇಷ್ಟು ವರ್ಷ ಎಷ್ಟೋ ಮಾಳಗಿ ಹತ್ತೇನ್ರಿ ಸಾಹೇಬ್ರ. ನನಗ ಯಾರೂ ಇಂಥಾದ್ದು ಕೊಟ್ಟಿದ್ದಿಲ್ಲ" ಎಂದ. ಒಂದು ಮೆಟ್ಟಿಲು ಹತ್ತಿದ. ಅಲ್ಲಿಂದ ಇಳಿದು ಬಂದು ಕೀಲಿಕೈಯನ್ನು ನಿಂಬೆವ್ವನ ಕೈಗೆ ವಾಪಸು ಕೊಟ್ಟ. "ನಾ ಹಾಕಂಗಿಲ್ರಿ. ಬೇಕಾದ್ರ ನನ್ನೂ ಅಮಾನತ ಮಾಡ್ರಿ." ನನ್ನ ಕಡೆ ತಿರುಗಿ, "ಮೇಡಂ, ನಮ್ಮ ಮನೀಗೂ ಒಂದು ಹಿಡಿಕಿ ಮಾಡಿ ಕೊಡ್ತೀರೇನು?" ಎಂದು ಕೇಳಿದ.

ಪ್ರಭಂಜನ ಸಾಹೇಬರು ಇನ್ನೊಬ್ಬನನ್ನು ನೋಡಿದರು. ಅವನು ಆಗಲೇ ಜೀಪಿನಲ್ಲಿ ಕೂತಿದ್ದ. ಸಾಹೇಬರು ಮುಂದಿನ ಸಲ ಪೊಲೀಸರೊಂದಿಗೆ ಬರುತ್ತೇನೆ ಎಂದು ಹೇಳಿ ಹೋದರು.

ನಿಂಬೆವ್ವ ಬೀಗ ತೆಗೆದು ಹಿಡಿಕೆ ಎತ್ತಿದಳು. ನಾನು ಲಾಳಿಯನ್ನು ಅಪ್ಪನಿಗೆ ಕೊಡಲು ಹೋದೆ. ಅವನು ಅದನ್ನು ನೋಡಿದ, ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಮೊದಲ ಮಗ್ಗದ ಸ್ವಿಚ್ಚನ್ನು ಬೆರಳಿನಿಂದ ಒತ್ತಿದ.

ನನ್ನ ಅಮಾನತು ಇನ್ನೂ ಹಾಗೇ ಇದೆ. ನಾಳೆ ಬಣ್ಣಗಾರರ ಓಣಿಯಲ್ಲಿ ಕೆಲಸ, ಮೊದಲ ಹಿಡಿಕೆ ರುದ್ರವ್ವನ ಬಾಗಿಲಿಗೆ. ಸುಟ್ಟ ಅಂಗೈಯಲ್ಲಿ ಹಿಡಿಯಲು ಬರುವಂತೆ ಅದನ್ನು ಸ್ವಲ್ಪ ಅಗಲ ಮಾಡಿದ್ದೇನೆ. ಪೊಲೀಸರು ಬರುತ್ತಾರಂತೆ, ಬರಲಿ. ಅವರಿಗೂ ಮಾಳಿಗೆ ಹತ್ತುವ ಮೊದಲು ನಾವು ಕೀಲಿಕೈ ಕೊಡುತ್ತೇವೆ. ಅದನ್ನು ನಮ್ಮ ಕೈಯಿಂದಲೇ ಇಸಿದುಕೊಳ್ಳಬೇಕಾಗುತ್ತದೆ, ಅಷ್ಟೇ.